ಅಮ್ಮ ಹೇಳಿ ಬರೆಸಿದ್ದು

ರಾಬರ್ಟ್‌ಸನ್‌ಪೇಟೆ
೧೨-೨-೧೯೯೪

ಮಾವನವರಿಗೆ, ನಿಮ್ಮ ಅಕ್ಕನ ಮಗಳು ನಾಗವೇಣಿ ಆಸ್ಪತ್ರೆಯಿಂದ ಬರೆಯುವುದು. ಅಮ್ಮನ ಬೆರಳು ಪೆನ್ನು ಹಿಡಿಯುತ್ತಿಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಈ ವಾರ್ಡಿನಲ್ಲಿ ಬೆಳಿಗ್ಗೆ ಎಲ್ಲರೂ ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿಕೊಂಡು ಕುಡಿಯುತ್ತಾರೆ. ನೋಡಲಾಗುವುದಿಲ್ಲ.

ಇದು ಕೀಲುವಾತವಂತೆ. ಊತ ತರುವ ಪ್ರೋಟೀನು ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಹೆಚ್ಚಿರುತ್ತದೆ ಎಂದು ಡಾಕ್ಟರು ಹೇಳಿದರು. ಅಮ್ಮ ಹೆದರಿ ಕೇಳಿದಳು: "ನಮ್ಮವ್ವಂಗಿತ್ತು, ನಂಗೈತೆ, ನನ್ ತಮ್ಮಂಗೂ ಬೆಳಿಗ್ಗೆ ಎದ್ರೆ ಬೆರಳು ಮಡ್ಚಕಾಗಲ್ಲ. ಅವ್ನಿಗೇ ಮಗಳ್ನ ಕೊಡ್ತಾ ಇದೀನಲ್ಲ ಸಾಮೀ?"

"ಬಂದೇ ಬರುತ್ತೆ ಅಂತಲ್ಲಮ್ಮ. ಎರಡೂ ಕಡೆ ಒಂದೇ ರಕ್ತವಾದ್ರೆ ಮಕ್ಕಳಿಗೆ ಬರೋ ಸಾಧ್ಯತೆ ಜಾಸ್ತಿ," ಎಂದರು.

ಆಮೇಲೆ ಅಮ್ಮ ಉಣ್ಣಲಿಲ್ಲ. ಈ ಲಗ್ನ ಬೇಡ, ಮದುವೆಗೆ ಗೊತ್ತು ಮಾಡಿದ ಬಂಗಾರಪೇಟೆಯ ಛತ್ರದವರಿಗೂ ನೀವೇ ಹೇಳಿಬಿಡಬೇಕು ಎಂದು ಬರೆಯಲು ಹೇಳಿದ್ದಾಳೆ. ಬರೆದಿದ್ದೇನೆ. ನನ್ನನ್ನು ಯಾರೂ ಕೇಳಲಿಲ್ಲ.

ನೀವು ಬೆರಳುನೋವನ್ನು ಮುಚ್ಚಿಡದೆ ಬೇಗ ಇಲ್ಲಿಗೆ ಬಂದು ತೋರಿಸಿಕೊಳ್ಳಿ. ಇದು ಅಮ್ಮ ಹೇಳಿದ್ದಲ್ಲ, ನನ್ನ ಮಾತು. "ಇನ್ನೂ ಏನೇ ಬರೀತಿದೀಯ?" ಅಂತ ಅಮ್ಮ ಕೇಳುತ್ತಿದ್ದಾಳೆ. ವಿಳಾಸ ಬರೆಯುತ್ತಿದ್ದೇನೆ ಎಂದೆ.

ನಾಗವೇಣಿ