ನೂಕಾಳ ಬಾಣ

ಡೆನ್‌ಶಾ, ಪಂಪಿನ ಮನೆ
ಮೇ ಒಂಬತ್ತು

ನನ್ನ ನೂಕಾ,

ಹೇಗಿದ್ದೀಯ ಎಂದು ಕೇಳಲು ಭಯ, ಕೇಳದಿದ್ದರೆ ಮನಸ್ಸು ತಡೆಯದು. ಇಲ್ಲಿ ನಿನ್ನ ಅಪ್ಪ, ಅವ್ವ, ಅಜ್ಜಿ ಚೆನ್ನಾಗಿದ್ದಾರೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಮೊದಲು ಆನೆಗಳನ್ನು ಬೈಯಿ, ಆಮೇಲೆ ನನ್ನನ್ನು. ಏಳು ಆನೆ ಬಂದು ಪಂಪಿನ ಪೈಪು ಕಿತ್ತು ಹೋದವು. ಅದನ್ನು ಸರಿಮಾಡುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು.

ಮಾತ್ರೆ ನುಂಗುವುದನ್ನು ನಿಲ್ಲಿಸಿದ್ದೇನೆ, ನಾನು ಬಂದರೇನು ಬಿಟ್ಟರೇನು, ಅಲ್ಲಿ ನನ್ನನ್ನು ಕೇಳುವವರು ಯಾರು ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಕೋಪ ಬಂತು, ಅಳುವೂ ಬಂತು. ಕ್ಷಯ ಎಂದರೆ ಮಾತ್ರೆ ಬಿಟ್ಟವರನ್ನು ಬಿಡುವ ಕಾಯಿಲೆಯಲ್ಲ, ಅದು ನಿನಗೂ ಗೊತ್ತು. ಯಾರು ಕೇಳುತ್ತಾರೆ ಎಂಬುದಕ್ಕೆ ಉತ್ತರ ಹೇಳುತ್ತೇನೆ, ನಿಧಾನವಾಗಿ ಓದು. ನರ್ಸಮ್ಮನಿಂದ ಓದಿಸಬೇಡ, ಇದರಲ್ಲಿ ನಿನ್ನ ಅವ್ವನ ಬೈಗುಳವಿದೆ.

ನಾನು ಬಿಲ್ಲು ಹಿಡಿದಿದ್ದೇನೆ. ನಗಬೇಡ. ಮದುವೆಯಾದ ಹೊಸದರಲ್ಲಿ ಎಲ್ಲ ಅಳಿಯಂದಿರೂ ಮಾವನ ಮನೆಗೆ ಬೇಟೆಯಾಡಿ ತಂದು ಹಾಕಿದರೆ, ನಾನು ಎರಡು ಮೂಟೆ ಜೋಳದ ಹಿಟ್ಟು ತಂದಿಟ್ಟವನು. ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡುವ ಹಾಗಿಲ್ಲವಲ್ಲ, ನಿನ್ನ ಅವ್ವ ಇವತ್ತಿಗೂ ನನಗೆ ಹೇಳಬೇಕಾದದ್ದನ್ನೆಲ್ಲ ನಾಯಿಗೆ ಹೇಳುತ್ತಾಳೆ. "ಏ ನಾಯಿ, ನೀನು ಗಂಡಾಗಿ ಹುಟ್ಟಿದ್ದೀಯಲ್ಲ, ಹೋಗಿ ಒಂದು ಮೊಲಾನಾದ್ರೂ ಹಿಡ್ಕೊಂಡು ಬಾ. ಹಿಟ್ಟಿನ ಮೂಟೆ ಹೊರೋ ಕತ್ತೆಗಳು ಈ ಊರಲ್ಲಿ ಬೇಕಾದಷ್ಟಿವೆ!" ನೀನು ಆಸ್ಪತ್ರೆಗೆ ಹೋದ ಮೇಲೆ ಈ ಮಾತು ದಿನಕ್ಕೆರಡು ಸಲ. ಕೊನೆಗೆ ನಿನ್ನ ಅಪ್ಪನ ಮುಂದೆ ಹೋಗಿ ನಿಂತೆ.

"ಬಿಲ್ಲು ಹಿಡಿಯೋದು ಹೇಳಿಕೊಡಿ ಮಾವ."

ಅವರು ನನ್ನ ಹೊಟ್ಟೆ ನೋಡಿದರು. "ಮೊದ್ಲು ಕೂತ್ಕೊಳ್ಳೋದು ಕಲಿ," ಎಂದರು.

ತಮಾಷೆಗೆ ಹೇಳಿದ್ದಲ್ಲ. ಒಂದು ತಿಂಗಳು ಬರೀ ಕೂರಿಸಿದರು. ಬೆಳಗಿನ ಜಾವ ಉಪ್ಪುಬಯಲಿನ ಅಂಚಿನಲ್ಲಿ, ಗಾಳಿಗೆ ಎದುರಾಗಿ, ಕೆಮ್ಮದೆ ಕೂರುವುದು. ಬಿಸಿಲೇರಿದಂತೆ ಬಯಲು ಕರಗಿ ನೀರಿನಂತೆ ಅಲುಗುತ್ತದೆ, ಆ ನೀರಿನ ಮೇಲೆ ಜಿಂಕೆಗಳು ಕಾಲಿಲ್ಲದೆ ತೇಲಿ ಹೋಗುತ್ತವೆ. ಎಷ್ಟೋ ಸಲ ನಾನು ಕೂತಿದ್ದೇನೋ ನಿದ್ದೆಹೋಗಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ. ಆಮೇಲೆ ಹೆಜ್ಜೆ ಓದುವುದು. ಒಂದು ಹೆಜ್ಜೆಗುರುತಿನ ಮುಂದೆ ಕೂರಿಸಿ, "ಇದು ಹೋಗಿ ಎಷ್ಟು ಹೊತ್ತಾಯ್ತು, ಏನು ಯೋಚನೆ ಮಾಡ್ತಾ ಹೋಯ್ತು, ಹೇಳು" ಎನ್ನುತ್ತಿದ್ದರು. ಬಿಲ್ಲು ಕೈಗೆ ಬಂದದ್ದು ಮಳೆ ಅರ್ಧ ಮುಗಿದ ಮೇಲೆ. ನರದ ಹೆದೆ ನನ್ನ ಮುಂಗೈ ಸುಲಿದು ಹಾಕಿತು. ಹತ್ತು ಹೆಜ್ಜೆ ದೂರದಲ್ಲಿ ಕಾಡುಕಲ್ಲಂಗಡಿ ಇಟ್ಟರೆ ನನ್ನ ಬಾಣ ಅದನ್ನು ಬಿಟ್ಟು ಮಿಕ್ಕ ಎಲ್ಲದಕ್ಕೂ ತಾಗುತ್ತಿತ್ತು. ಪಕ್ಕದ ಗುಡಿಸಲಿನ ಬೋ ಬಂದು ಕಲ್ಲಂಗಡಿಯ ಪಕ್ಕದಲ್ಲೇ ಕೂತು ಚಹ ಕುಡಿಯುತ್ತಿದ್ದ. "ಇಡೀ ಊರಲ್ಲಿ ಇದಕ್ಕಿಂತ ಸುರಕ್ಷಿತ ಜಾಗ ಇಲ್ಲ ಕಣಪ್ಪ!"

ಹೋದ ವಾರ ಮಾವ ನನ್ನನ್ನು ಮುಂದೆ ಬಿಟ್ಟರು. ಬತ್ತಳಿಕೆಯಲ್ಲಿ ಐದು ಬಾಣ: ಮೂರು ಅವರದು, ಒಂದು ಬೋನದು, ಒಂದು ನಿನ್ನದು, ನಿನ್ನ ಅಜ್ಜ ಕೊಟ್ಟಿದ್ದದ್ದು. ಮುಳ್ಳುಮರಗಳ ನಡುವೆ ಒಂಟಿ ಕುಡು ಜಿಂಕೆ ನಿಂತಿತ್ತು. ಸುರುಳಿ ಕೊಂಬು, ಬೂದಿ ಬಣ್ಣದ ಮೈ, ಮೇಲೆ ಸುಣ್ಣ ಸೋರಿದ ಹಾಗೆ ಬಿಳಿ ಗೆರೆ. ಸಿಕ್ಕಿದ ಬಾಣ ಎಳೆದೆ, ಬಿಟ್ಟೆ. ಹೊಟ್ಟೆಗೆ ತಾಗಿತು. ಕುಡು ನನ್ನನ್ನೊಮ್ಮೆ ನೋಡಿ, ಏನೋ ನೆನಪಾದವರಂತೆ ಮೆಲ್ಲಗೆ ಹೊರಟುಹೋಯಿತು. ವಿಷದ ಮೊನೆ ಅದರ ಮೈಯಲ್ಲಿ ಉಳಿದು, ಬಾಣದ ಕೋಲು ಕೆಳಗೆ ಬಿದ್ದಿತ್ತು. ಎತ್ತಿಕೊಂಡೆ. ಯಾರ ಬಾಣವೆಂದು ಮಾವ ಕೇಳಲಿಲ್ಲ.

ಇನ್ನು ನನ್ನ ಮಾನ ಹೋದ ಕತೆ ಕೇಳು. ದೊಡ್ಡ ಪ್ರಾಣಿಗೆ ಹೊಡೆದವನು ಊರಿಗೆ ಬಂದು ಸುಮ್ಮನೆ ಕೂರಬೇಕು, ಯಾರಾದರೂ ಕೇಳಿದರೆ "ಏನೂ ಕಾಣಲಿಲ್ಲ, ಏನೋ ಸಣ್ಣದೊಂದಕ್ಕೆ ತಾಗಿರಬಹುದು" ಎನ್ನಬೇಕು. ಜಂಬ ಕೊಚ್ಚಿದರೆ ಬೇಟೆ ಕೈತಪ್ಪುತ್ತದೆ ಎಂದು ಮಕ್ಕಳಿಗೂ ಗೊತ್ತು. ಬೋ ಬಂದು "ಏನ್ ಕಂಡ್ಯಪ್ಪ?" ಎಂದದ್ದೇ ತಡ, ನನ್ನ ಬಾಯಿಂದ "ಕುಡು! ಇಷ್ಟು ದೊಡ್ಡದು!" ಎಂದು ಬಂದೇಬಿಟ್ಟಿತು. ಎರಡೂ ಕೈ ಅಗಲಿಸಿ ಬೇರೆ ತೋರಿಸಿದೆ. ಬೆಂಕಿಯ ಸುತ್ತ ಕೂತವರೆಲ್ಲ ತಲೆ ತಗ್ಗಿಸಿದರು. ನಿನ್ನ ಅವ್ವ ನಾಯಿಯ ಕಿವಿ ಮುಚ್ಚಿದಳು.

"ಹಾಗಾದ್ರೆ ಅದು ಸಾಯಲ್ಲ ಬಿಡು," ಎಂದ ಬೋ.

ಮಾವ ಬೈಯಲಿಲ್ಲ. "ವಿಷ ಏರೋಕೆ ಹೊತ್ತು ಬೇಕು, ನಾಳೆ ಮಧ್ಯಾಹ್ನದವರೆಗೆ ಅಲುಗಾಡಬೇಡ. ನೀನು ಓಡಿದ್ರೆ ಅದೂ ಓಡುತ್ತೆ. ನೀನು ಉಂಡ್ರೆ ಅದಕ್ಕೂ ಬಲ ಬರುತ್ತೆ," ಎಂದರು. ಚಾಪೆಯ ಮೇಲೆ ಬಿದ್ದುಕೊಂಡೆ. ನೂಕಾ, ಆ ಹೊತ್ತನ್ನು ನಿನಗೆ ಹೇಗೆ ಹೇಳಲಿ? ನನ್ನ ಕಾಲು ಭಾರವಾಯಿತು, ಅದರ ಕಾಲೂ ಭಾರವಾಯಿತೆಂದು ತಿಳಿಯಿತು. ನನಗೆ ಬಾಯಾರಿದಾಗ ಅದು ಎಲ್ಲೋ ನಿಂತು ನೆಲ ಮೂಸುತ್ತಿತ್ತು. ಅದರ ಕಣ್ಣಿನಿಂದ ಹುಲ್ಲು ನೋಡಿದೆ, ಹುಲ್ಲು ಬೆಳ್ಳಗಿತ್ತು. ಆಮೇಲೆ ಆ ಬಿಳುಪು ನಿನ್ನ ಆಸ್ಪತ್ರೆಯ ಹಾಸಿಗೆಯಾಯಿತು. ಅದರ ಮೇಲೆ ನೀನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ನಾನು ಉಸಿರಾಡಿದರೆ ನೀನೂ ಉಸಿರಾಡುತ್ತಿದ್ದೆ. ಅದಕ್ಕೇ ಉಸಿರು ನಿಲ್ಲಿಸದಂತೆ ನೋಡಿಕೊಂಡೆ.

ಮರುದಿನ ಎಲ್ಲರೂ ಹೆಜ್ಜೆ ಹಿಡಿದು ಹೋದೆವು. ಬಿದ್ದಿತ್ತು. ಬೋ ಅದರ ಪಕ್ಕೆ ಮುಟ್ಟಿ, "ಇದಕ್ಕಾ ನಮ್ಮನ್ನ ಈ ಬಿಸಿಲಲ್ಲಿ ನಡೆಸಿಕೊಂಡು ಬಂದೆ? ಬರೀ ಮೂಳೆ ಚೀಲ! ಮನೇಲಿ ಮಲಗಿದ್ರೆ ನೆರಳಾದ್ರೂ ಸಿಗ್ತಿತ್ತು," ಎಂದು ಗೊಣಗಿದ. ಈ ಸಲ ನಾನು ಕಲಿತಿದ್ದೆ, ಎಷ್ಟೇ ಕೊಬ್ಬಿದ ಬೇಟೆಯಾದರೂ ಹೀಗಳೆಯಬೇಕು. "ಹೌದಣ್ಣ, ಬಿಟ್ಟುಹೋಗೋಣ, ನರಿ ತಿನ್ನಲಿ," ಎಂದೆ. ಎಲ್ಲರೂ ಬಿದ್ದುಬಿದ್ದು ನಕ್ಕರು. ಊರಿಗೆ ಹೊತ್ತು ತಂದ ಮೇಲೆ ಮಾವ ಕೈಚಾಚಿದರು. "ಯಾರ ಬಾಣ?"

ಕೋಲು ಕೊಟ್ಟೆ. ಅದರ ಮೇಲಿನ ಮೂರು ಸುಟ್ಟ ಗೆರೆಯನ್ನು, ನಿನ್ನ ಅಜ್ಜನ ಗುರುತನ್ನು, ಅವರು ಹೆಬ್ಬೆರಳಿನಿಂದ ಸವರಿದರು. ಬಾಣ ಯಾರದೋ ಮಾಂಸ ಅವರದು, ಅವರೇ ಹಂಚಬೇಕು. ಹೊಡೆದವನಿಗೆ ಬಾಯಿಲ್ಲ.

"ನೂಕಾಂದು," ಎಂದರು ಕೊನೆಗೆ.

"ಅವಳು ಇಲ್ವಲ್ಲ," ಎಂದಿತು ಯಾವುದೋ ದನಿ. ಮಾಂಸ ಮರದ ಕೆಳಗೆ ಬಿದ್ದಿದೆ, ಯಾರೂ ಚಾಕು ಎತ್ತಲೊಲ್ಲರು. ಆಗ ನಿನ್ನ ಅಜ್ಜಿ ಕೋಲೂರಿಕೊಂಡು ಎದ್ದಳು. "ಯಾಕೆ ಇಲ್ಲ? ಅವಳಿಗೆ ಇಟ್ಟಿರೋದು ನನ್ನ ಹೆಸರು. ಅವಳು ಬರೋತನಕ ಈ ನೂಕಾ ಹಂಚ್ತಾಳೆ. ಸರೀರಿ ಅತ್ಲಾಗೆ!" ಒಂದೊಂದು ತುಂಡು ಕೊಡುವಾಗಲೂ "ನೂಕಾ ಕೊಟ್ಟಳು" ಎಂದಳು. ತೆಗೆದುಕೊಂಡವರೂ "ನೂಕಾ ಕೊಟ್ಟಳು" ಎನ್ನಬೇಕಾಯಿತು. ಬೋ ಅಂದ. ನಿನ್ನ ಅಪ್ಪ ಅಂದರು. ನಿನ್ನ ಅವ್ವ ತನ್ನ ಪಾಲು ಹಿಡಿದುಕೊಂಡು, ನಾಯಿಯ ಕಡೆ ನೋಡದೆ, ನೇರವಾಗಿ ನನ್ನ ಮುಖ ನೋಡಿ ಅಂದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮೊದಲ ಬೇಟೆಯ ಗುರುತೆಂದು ಮಾವ ನನ್ನ ತೋಳು ಗೀರಿ ಬೂದಿ ತುಂಬಿದರು. ಇನ್ನೂ ಉರಿಯುತ್ತಿದೆ, ಆದರೂ ಖುಷಿಯಾಗಿದೆ. ನಿನ್ನ ಪಾಲನ್ನು ಒಣಗಿಸಿ ಮರಕ್ಕೆ ಕಟ್ಟಿದ್ದೇವೆ. ದಾರಿಯಲ್ಲಿ ಹೋಗುವವರೆಲ್ಲ ಒಮ್ಮೆ ತಲೆಯೆತ್ತಿ ನೋಡುತ್ತಾರೆ, ಯಾರೂ ಮುಟ್ಟುವುದಿಲ್ಲ.

ಮಾತ್ರೆ ನುಂಗು, ನೂಕಾ. ನಿನ್ನ ಎದೆ ಹಗುರಾಗಲಿ, ನಿದ್ದೆ ಬರಲಿ, ಕೈಕಾಲಿಗೆ ದಾರಿ ನಡೆಯುವ ಬಲ ಬರಲಿ.

ನಿನ್ನವನು,
ದೆಬೆ

ಮತ್ತೆ: ಸಿಕ್ಕಿದ ಬಾಣ ಎಳೆದೆ ಎಂದು ಬರೆದದ್ದು ಸುಳ್ಳು. ಬತ್ತಳಿಕೆ ತಡಕಿ ನಿನ್ನದನ್ನೇ ಹುಡುಕಿ ತೆಗೆದೆ. ಫೆಬ್ರವರಿಯಲ್ಲಿ ಲಾರಿಯವನೊಬ್ಬ, ಆ ವಾರ್ಡಿಗೆ ಹೋದವರು ಯಾರೂ ತಿರುಗಿ ಬರುವುದಿಲ್ಲ ಎಂದು ಹೇಳಿಹೋದ. ಸತ್ತವರ ಸಾಮಾನು ಹಂಚುವ ಹಾಗೆ ನಿನ್ನ ಅವ್ವ ನಿನ್ನ ಮಣಿಸರ ಯಾರಿಗೋ ಕೊಟ್ಟುಬಿಟ್ಟಳು, ನಿನ್ನ ಅಪ್ಪ ಪಾತ್ರೆ ಕೊಟ್ಟರು. ಆಮೇಲೆ ಬೆಂಕಿಯ ಮುಂದೆ ನಿನ್ನ ಹೆಸರು ಎತ್ತುವವರೇ ಇರಲಿಲ್ಲ. ಅವರನ್ನು ಬೈಯಬೇಡ. ನಿನ್ನ ಕಂಬಳಿಯನ್ನು ಕೊಟ್ಟವನು ನಾನು. ನನ್ನ ಕೈಯಿಂದಲೇ ಮಡಿಸಿ, ಬೋನ ಹೆಂಡತಿಗೆ ಕೊಟ್ಟೆ. ನಿನ್ನ ಕಾಗದ ಬರುವವರೆಗೆ ನಾನೂ ನಿನ್ನನ್ನು ಕಾಯುತ್ತಿರಲಿಲ್ಲ. ಬೈಯುವುದಕ್ಕಾದರೂ ಬಾ.