ಅಕ್ಕನ ವಿಳಾಸ ಯಾರ ಗುಟ್ಟು?

ಕೇಂದ್ರ ಬ್ಯಾಂಕಿನ ಮಾನ್ಯ ಗವರ್ನರರೇ,

ಗುಟ್ಟಾಗಿಡಬೇಕಾದ್ದನ್ನು ನಿಮ್ಮ ಕಚೇರಿ ಊರಿಗೆಲ್ಲ ಸಾರಿತು. ಊರಿಗೆ ಹೇಳಬೇಕಾದ್ದನ್ನು ಗುಟ್ಟಾಗಿಟ್ಟಿತು. ನನ್ನ ದೂರು ಇಷ್ಟೇ. ನಿಗದಿತ ನಮೂನೆಯಲ್ಲಿ ಎರಡು ಸಲ ಬರೆದು ಕಳಿಸಿದೆ. ಎರಡು ಸಲವೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂತು. ಹಾಗಾಗಿ ಈಗ ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ. ಪಾರದರ್ಶಕತೆಯೇ ನಿಮ್ಮ ಸಂಸ್ಥೆಯ ಉಸಿರು ಎಂದು ವಾರ್ಷಿಕ ವರದಿಯ ಮುನ್ನುಡಿಯಲ್ಲಿ ನೀವೇ ಹೇಳಿದ್ದೀರಿ. ಬೇಸರ ಮಾಡಿಕೊಳ್ಳಲಾರಿರಿ ಎಂಬ ಧೈರ್ಯ ನನಗಿದೆ.

ನಾನು ಬೀಗ ರಿಪೇರಿ ಮಾಡುವವನು. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುತ್ತಾಳೆ. ಎರಡು ವರ್ಷದ ಹಿಂದೆ ಭಾವ ಅವಳ ಎಡಗೈ ತಿರುಚಿ ಮೂಳೆ ಮುರಿದ. ಪ್ಲಾಸ್ಟರ್ ಬಿಚ್ಚಿಸಿಕೊಂಡ ದಿನ ಆಸ್ಪತ್ರೆಯಿಂದ ಮನೆಗೆ ಹೋಗದೆ ನೇರ ಬಸ್ಸು ಹತ್ತಿದಳು. ಬೇರೆ ಊರಲ್ಲಿ, ಇಸ್ತ್ರಿ ಅಂಗಡಿಯೊಂದರ ಮೇಲಿನ ಕೋಣೆ ಹಿಡಿದಳು. ವಿಳಾಸ ಗೊತ್ತಿದ್ದದ್ದು ನನಗೆ, ಕೆಳಗಿನ ಇಸ್ತ್ರಿಯವರಿಗೆ, ಮತ್ತು ಸಂಬಳಕ್ಕೆಂದು ಖಾತೆ ತೆರೆದ ಬ್ಯಾಂಕಿಗೆ. ಅರ್ಜಿಯಲ್ಲಿ ವಿಳಾಸದ ಸಾಲು ಬಂದಾಗ ಅವಳ ಪೆನ್ನು ನಿಂತಿತಂತೆ. “ಇದು ಯಾರಿಗೂ ಗೊತ್ತಾಗಲ್ಲ ತಾನೇ?” ಎಂದು ಕೇಳಿದ್ದಾಳೆ. ಕೌಂಟರಿನಾತ ನಕ್ಕು, “ಅಮ್ಮಾ, ಇದು ಬ್ಯಾಂಕು, ಸಂತೆ ಅಲ್ಲ. ಧೈರ್ಯವಾಗಿ ಬರೀರಿ,” ಎಂದನಂತೆ.

ಬರೆದಳು. ಏಳನೆಯ ತಿಂಗಳಲ್ಲಿ ಭಾವ ಅದೇ ಬ್ಯಾಂಕಿನ ಇನ್ನೊಂದು ಶಾಖೆಗೆ ಮದುವೆಯ ಫೋಟೋ ಹಿಡಿದು ಹೋದ. ಹೆಂಡತಿ ಕಾಣೆಯಾಗಿದ್ದಾಳೆ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅಲ್ಲಿದ್ದವರು ಕಂಪ್ಯೂಟರಿನಲ್ಲಿ ಹುಡುಕಿ, ಒಂದು ಚಲನಿನ ಹಿಂಬದಿಯಲ್ಲಿ ವಿಳಾಸ ಬರೆದುಕೊಟ್ಟರು. ಎಷ್ಟು ದಯಾಳುಗಳು ನೋಡಿ! ಮಾರನೆಯ ದಿನ ಅವನು ಅಕ್ಕನ ಮೆಟ್ಟಿಲ ಬುಡದಲ್ಲಿದ್ದ. ಇಸ್ತ್ರಿಯವರು ಅಡ್ಡ ನಿಂತು ಕೂಗಾಡಿದ್ದರಿಂದ ಹಿಂದಿನ ಬಾಗಿಲಿನಿಂದ ಪಾರಾದಳು. ನಾನು ಶಾಖೆಯ ವ್ಯವಸ್ಥಾಪಕರನ್ನು ಕೇಳಿದೆ. “ಕೇಳಿದ್ದು ಗಂಡಾನೇ ಅಲ್ವೇನ್ರೀ? ಹೊರಗಿನೋರಿಗೆ ಕೊಟ್ಟಿಲ್ವಲ್ಲ,” ಎಂದರು.

ಆಗ ಅಕ್ಕ ನಿಮ್ಮ ಮೊರೆ ಹೊಕ್ಕಳು. ಬ್ಯಾಂಕುಗಳಿಗೆಲ್ಲ ನೀವೇ ದೊಡ್ಡವರು ಎಂದು ಅವಳಿಗೆ ಹೇಳಿದವನು ನಾನೇ. ಆ ತಪ್ಪು ನನ್ನದು. ದೂರಿನ ಅರ್ಜಿಯಲ್ಲಿ ವಿಳಾಸ ಕಡ್ಡಾಯವಾಗಿತ್ತು. ಇಸ್ತ್ರಿ ಅಂಗಡಿಯ ಮೇಲಿನ ಕೋಣೆ ಬಿಟ್ಟು ಹಿಡಿದ ಹೊಸ ಮನೆಯ ವಿಳಾಸ ಬರೆದಳು. ನಾಲ್ಕು ತಿಂಗಳ ಮೇಲೆ ಉತ್ತರ ಬಂತು: ‘ಸೂಕ್ತ ಕ್ರಮ ಕೈಗೊಂಡು ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಏನು ಕ್ರಮ? ಯಾರ ಮೇಲೆ? ಅಕ್ಕ ಲಿಖಿತವಾಗಿ ಕೇಳಿದಳು. ಆ ಮಾಹಿತಿ ‘ಗ್ರಾಹಕ ಗೋಪ್ಯತೆ’ಯ ವ್ಯಾಪ್ತಿಗೆ ಬರುವುದರಿಂದ ಕೊಡಲಾಗದು ಎಂದಿರಿ. ನಾವಿಬ್ಬರೂ ಆ ಕಾಗದವನ್ನು ಮೂರು ಸಲ ಓದಿದೆವು. ಕೊನೆಗೆ ಅರ್ಥವಾಯಿತು. ನಿಮ್ಮ ಲೆಕ್ಕದಲ್ಲಿ ಗ್ರಾಹಕ ಎಂದರೆ ಆ ಬ್ಯಾಂಕು. ಮುಂಗೈ ಮುರಿಸಿಕೊಂಡು ಊರು ಬಿಟ್ಟವಳು ಬರೀ ಅರ್ಜಿದಾರಳು.

ಅಲ್ಲಿಗೆ ಮುಗಿದಿದ್ದರೆ ನಾನು ಇವತ್ತು ಅಂಗಡಿ ಮುಚ್ಚಿ ಇದನ್ನು ಬರೆಯುತ್ತಿರಲಿಲ್ಲ. ಮೂರು ವಾರದ ನಂತರ ನಿಮ್ಮ ಜಾಲತಾಣದಲ್ಲಿ ‘ಪಾರದರ್ಶಕತೆಯತ್ತ ಹೊಸ ಹೆಜ್ಜೆ’ ಎಂಬ ಪುಟ ಪ್ರಕಟವಾಯಿತು. ಮುಕ್ತಾಯಗೊಂಡ ದೂರುಗಳ ಆದೇಶಗಳೆಲ್ಲ ಅಲ್ಲಿದ್ದವು. ಅಕ್ಕನದೂ ಇತ್ತು. ಬ್ಯಾಂಕಿನ ಹೆಸರು ಬಂದ ಕಡೆಯಲ್ಲೆಲ್ಲ ಅಚ್ಚುಕಟ್ಟಾಗಿ ಕಪ್ಪು ಪಟ್ಟಿ. ಅಕ್ಕನ ಹೆಸರು, ಮನೆ ನಂಬರು, ಬೀದಿ, ಫೋನು ಮಾತ್ರ ಕನ್ನಡಕವಿಲ್ಲದೆ ಓದುವಷ್ಟು ಸ್ಪಷ್ಟ. ಹಾಗಾದರೆ ಮಸಿ ಬಳಿಯುವುದು ನಿಮ್ಮವರಿಗೆ ಗೊತ್ತಿಲ್ಲ ಎನ್ನುವಂತಿಲ್ಲ. ಯಾರಿಗೆ ಬಳಿದರೆ ಯಾರು ಉಳಿಯುತ್ತಾರೆ ಎಂಬುದಷ್ಟೇ ಪ್ರಶ್ನೆ.

ನಮಗೆ ವಿಷಯ ತಿಳಿದದ್ದೇ ಭಾವನಿಂದ. ಅಕ್ಕನಿಗೆ ಫೋನು ಮಾಡಿ ಹೇಳಿದನಂತೆ: “ಈ ಸಲ ಫೋಟೋ ಹಿಡ್ಕೊಂಡು ಅಲೆಯೋ ಕೆಲಸಾನೇ ಇರಲಿಲ್ಲ ಕಣೇ. ದೊಡ್ಡ ಬ್ಯಾಂಕೇ ಹೇಳಿಬಿಡ್ತು.”

ಮರುದಿನ ಬೆಳಿಗ್ಗೆಯೇ ನಿಮ್ಮ ಪ್ರಧಾನ ಕಚೇರಿಗೆ ಬಂದೆ. ಒಳಗೆ ಬಿಡಬೇಕಾದರೆ ಬಾಗಿಲಿನ ದಪ್ಪ ಪುಸ್ತಕದಲ್ಲಿ ಹೆಸರು, ವಿಳಾಸ, ಬಂದ ಕಾರಣ ಬರೆಯಬೇಕಿತ್ತು. ನನಗಿಂತ ಮುಂಚೆ ಬಂದ ಹದಿನೆಂಟು ಜನರ ಮನೆಯೂ ಕಷ್ಟವೂ ಅದೇ ಪುಟದಲ್ಲಿದ್ದವು. ಓದಿಕೊಂಡೇ ಸಹಿ ಹಾಕಿದೆ. ಎರಡು ಗಂಟೆ ಕಾದ ಮೇಲೆ ಒಬ್ಬ ಅಧಿಕಾರಿ ಸಿಕ್ಕರು.

“ದೂರುದಾರರು ನೀವೇನಾ?”

“ಅಲ್ಲ ಸರ್, ಅವಳ ತಮ್ಮ.”

“ಹಾಗಾದ್ರೆ ಮಾತಾಡೋಕಾಗಲ್ಲ. ಬೇರೆಯವರ ವಿಷಯ ನಿಮಗೆ ಹೇಳೋ ಹಾಗಿಲ್ಲ. ಗೋಪ್ಯತೆ ಇರುತ್ತಲ್ಲ.”

ನನ್ನ ಫೋನನ್ನು ಅವರ ಮೇಜಿನ ಮೇಲಿಟ್ಟೆ. ಅಕ್ಕನ ಪುಟ ತೆರೆದಿತ್ತು. ಅವರು ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. “ಇದು ಐಟಿ ವಿಭಾಗದ್ದು. ಅವರಿಗೊಂದು ಮೇಲ್ ಹಾಕಿ,” ಎಂದರು. ಹಾಕಿದೆ. ಆ ಪುಟವನ್ನು ಜಾಲತಾಣದಿಂದ ತೆಗೆಯಲು ಹನ್ನೊಂದು ದಿನ ಹಿಡಿಯಿತು.

ಭಾವ ಅಷ್ಟು ದಿನ ಕಾಯಲಿಲ್ಲ. ಐದನೆಯ ದಿನ, ಭಾನುವಾರ ಬೆಳಿಗ್ಗೆ, ಬಾಗಿಲು ಬಡಿದ. ಒಳಗಿನಿಂದ ನಾನು ಹಾಕಿಕೊಟ್ಟ ಎರಡು ಅಗುಳಿಗಳಿದ್ದವು. ಅಕ್ಕ ಪೊಲೀಸರಿಗೆ ಫೋನು ಮಾಡಿದಳು. ಆಮೇಲೆ, ಊರು ಬಿಟ್ಟಾಗಿನಿಂದ ಅಕ್ಕಪಕ್ಕದವರೊಂದಿಗೆ ಬಾಯಿ ಬಿಡದವಳು ಬೀದಿ ಕಡೆಯ ಕಿಟಕಿ ತೆರೆದು ಕೂಗಿದಳಂತೆ: “ನನ್ನ ಕೈ ಮುರಿದವನು ಇವನೇ! ಎಲ್ರೂ ಬಂದು ಮುಖ ನೋಡ್ಕೊಳ್ಳಿ!” ಜನ ಬಂದರು. ಪೊಲೀಸರು ಬರುವ ತನಕ ಅವನನ್ನು ಅಲ್ಲಾಡಲು ಬಿಡಲಿಲ್ಲ. ಅವಳ ಹತ್ತಿರ ಸುಳಿಯಬಾರದೆಂದು ಈಗ ನ್ಯಾಯಾಲಯದ ಆದೇಶವಿದೆ. ನಾನು ಹೋಗಿ, “ಇನ್ನೊಂದು ಮನೆ ನೋಡ್ಲಾ?” ಎಂದು ಕೇಳಿದೆ. “ಬೇಡ ಕಣೋ. ನಾನು ಎಷ್ಟು ಸಲ ಗಂಟುಮೂಟೆ ಕಟ್ಲಿ? ಈ ಸಲ ಅವರು ಬದಲಾಗ್ಲಿ,” ಎಂದಳು.

ಆ ‘ಅವರು’ ನೀವು, ಮಾನ್ಯರೇ. ಗೋಪ್ಯತೆ ಬೇಕೋ, ಪಾರದರ್ಶಕತೆ ಬೇಕೋ ಎಂದು ನಿಮ್ಮ ವಿಚಾರ ಸಂಕಿರಣಗಳಲ್ಲಿ ಪಂಡಿತರು ತಲೆ ಕೆಡಿಸಿಕೊಳ್ಳುತ್ತಾರಂತೆ. ಎರಡೂ ಬೇಕು. ಅಧಿಕಾರ ಇದ್ದವರ ಕೆಲಸ ಕಾಣಬೇಕು, ಇಲ್ಲದವರ ಮನೆ ಕಾಣಬಾರದು. ಕಿಟಕಿಯಲ್ಲಿ ನಿಂತು ಅಕ್ಕ ತನ್ನ ಗುಟ್ಟನ್ನು ತಾನೇ ಬಿಚ್ಚಿದಳು. ಅದು ಅವಳ ಹಕ್ಕು. ನಿಮಗೆ ಆ ಹಕ್ಕನ್ನು ಯಾರು ಕೊಟ್ಟರು? ಈ ಪತ್ರವನ್ನು ಕೂಡ ಪ್ರಕಟಣೆಗೆ ಕೊಡುವ ಮೊದಲು ಅವಳಿಗೆ ಓದಿ ಹೇಳಿದೆ. ಎರಡು ಸಾಲು ಹೊಡೆದು ಹಾಕಿಸಿದಳು. ಐದು ನಿಮಿಷ ಹಿಡಿಯಿತು. ಕೇಳುವುದಕ್ಕೆ ಅಷ್ಟೇ ಸಮಯ ಸಾಕು.

ಆದ್ದರಿಂದ ಆ ಆದೇಶವನ್ನು ಮತ್ತೆ ಪ್ರಕಟಿಸಿ. ಕಪ್ಪು ಪಟ್ಟಿಯನ್ನು ಬ್ಯಾಂಕಿನ ಹೆಸರಿನ ಮೇಲಿಂದ ಕಿತ್ತು ಅಕ್ಕನ ಹೆಸರಿನ ಮೇಲೆ ಹಾಕಿ. ‘ಸೂಕ್ತ ಕ್ರಮ’ ಏನೆಂದು ಬಿಡಿಸಿ ಬರೆಯಿರಿ. ಏನೂ ಇಲ್ಲವಾದರೆ ಇಲ್ಲ ಎಂದೇ ಬರೆಯಿರಿ. ಆ ಪುಟದಲ್ಲಿದ್ದ ಉಳಿದವರಿಗೂ ಒಬ್ಬೊಬ್ಬರಿಗೇ ತಿಳಿಸಿ, ಕ್ಷಮೆ ಕೇಳಿ. ಅವರಲ್ಲಿ ಎಷ್ಟು ಜನರ ಬಾಗಿಲು ಯಾರು ಬಡಿದರೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬೇಕಿತ್ತು.

ಉತ್ತರವನ್ನು ದಯವಿಟ್ಟು ಅಂಚೆಯಲ್ಲಿ ಕಳಿಸಬೇಡಿ. ಅದಕ್ಕೆ ವಿಳಾಸ ಬೇಕಾಗುತ್ತದೆ, ಇನ್ನು ಮುಂದೆ ನಾವು ಅದನ್ನು ನಿಮಗೆ ಕೊಡುವುದಿಲ್ಲ. ಎಲ್ಲರೂ ಓದುವ ಕಡೆ ಬರೆಯಿರಿ. ಎಲ್ಲರ ಜೊತೆ ನಾವೂ ಓದಿಕೊಳ್ಳುತ್ತೇವೆ.

ಇಂತಿ,
ನಿಮ್ಮನ್ನು ನಂಬೆಂದು ಅಕ್ಕನಿಗೆ ಹೇಳಿ ಪೆಚ್ಚಾದ
ಒಬ್ಬ ಬೀಗ ರಿಪೇರಿಯವನು