ನಿನ್ನ ಸಾಲಿನ ಜಾಗ

ರಾಯಚೂರು
ತಾ. 6-2-2025, ಗುರುವಾರ

ಪ್ರೀತಿಯ ಬೂದೆಮ್ಮಕ್ಕಾ,

ಮೊಣಕಾಲು ಹೆಂಗ ಅದಾವ? ಎಣ್ಣಿ ಹಚ್ಚತೀಯೋ, ಇಲ್ಲಾ ಬಾಟಲಿ ನೋಡಿದರ ಸಾಕು ನೋವು ಹೋಗತದ ಅಂತ ಗೂಡಿನ್ಯಾಗ ಇಟ್ಟೀಯೋ? ನಾನು, ನನ್ನ ರೊಟ್ಟಿ ಅಂಗಡಿ, ಇಬ್ಬರೂ ಗಟ್ಟಿ ಇದ್ದೀವಿ. ನಿನ್ನ ಗಂಡ, ನಮ್ಮ ಮಾವ, ತೀರಿಕೊಂಡಾಗ ಮಣ್ಣಿಗೆ ನಾ ಬರಲಿಲ್ಲ ಅಂತ ನಾಕು ವರ್ಷದಿಂದ ಮಾತು ಬಿಟ್ಟೀದಿ. ಫೋನ್ ಮಾಡಿದರ ಕಟ್ ಮಾಡತೀ. ಕಾಗದ ಕಟ್ ಮಾಡಾಕ ಬರಂಗಿಲ್ಲ, ಹರಿಯಬೇಕು. ಹರಿಯೋ ಮುಂಚೆ ಒಮ್ಮೆ ಓದತೀ ಅನ್ನೋ ಲೆಕ್ಕದ ಮ್ಯಾಲೆ ಬರಿಯಾಕತ್ತೀನಿ.

ನಿನ್ನ ತೊಡಿಮ್ಯಾಲೆ ಬೆಳೆದ ನನ್ನ ಮಗಳು ಸುನಂದಾ ಗೋವಾದಿಂದ ಬಂದಾಳ. ಆಕಿ ಅಲ್ಲಿ ಹಾಡೋದು ಲ್ಯಾಟಿನ್ ಜಾಜ್ ಅಂತ, ಸಮುದ್ರದ ಆಚಿ ಮಂದಿ ಹಾಡು. ಮಾತು ಒಂದೂ ನನಗ ತಿಳಿಯಂಗಿಲ್ಲ; ಆದರ ಕೇಳಕೋತ ರೊಟ್ಟಿ ಬಡಿದರ ಕೈ ತಾನೇ ತಾಳ ಹಿಡಿತದ, ಹೋದ ಶನಿವಾರ ಮೂರು ರೊಟ್ಟಿ ಹರಿದವು. ಈಗ ಒಂದು ಆಲ್ಬಮ್ ಮಾಡಾಕತ್ತಾಳ. ಪ್ರತಿ ಹಾಡಿಗೂ ಇಬ್ಬರೇ, ಆಕಿ ಮತ್ತ ಇನ್ನೊಬ್ಬರು. ಬ್ಯಾಂಡಿನ ಗದ್ದಲ ಇಲ್ಲ, ಉಸಿರು ಎಳಕೊಳ್ಳೋದೂ ಕೇಳಸತದ. ಒಂದು ಹಾಡು ಗಿಟಾರಿನ ಮುದುಕನ ಜೋಡಿ, ಒಂದು ಮೀನು ಮಾರೋ ಗೆಳತಿ ಜೋಡಿ. ಕೊನೀದು ನನ್ನ ಜೋಡಿ ಬೇಕಂತ. ತವರೂರು ಮಲ್ಲಟದಾಗ ಅವ್ವನ ಬೀಸುಕಲ್ಲಿಗೆ ನೀನೂ ನಾನೂ ಎದುರುಬದುರು ಕುಂತು, ನಿಂದೊಂದು ಸಾಲು ನಂದೊಂದು ಸಾಲು ಅಂತ ಹಾಡತಿದ್ದ ಪದ. ನಾ ಅದನ್ನ ಪೂರ್ತಿ ಹಾಡಬೇಕು, ಆಕಿ ಅದರ ಸುತ್ತ ತನ್ನ ರಾಗ ಹೆಣೀತಾಳ.

ಸಂತ್ಯಾಗ ಕೂಗಿ ಮಾರಿ ಅಂಗಡಿ ಕಟ್ಟಿದಾಕಿ ಮೈಕಿಗೆ ಹೆದರತೀನೇನು? ಕುಂತೆ, ಹಾಡಿದೆ. ಮುಗಿದ ಮ್ಯಾಲೆ ಸುನಂದಾ ಕೇಳಿಸಿದಳು. ಒಂದು ಸಾಲು ಅದ, ಆಮ್ಯಾಲೆ ಸುಮ್ಮನ. ಮತ್ತೊಂದು ಸಾಲು, ಮತ್ತ ಸುಮ್ಮನ. ನನಗ ಗೊತ್ತೇ ಆಗಿಲ್ಲ ನೋಡು. ನಿನ್ನ ಸಾಲು ಬಂದಲ್ಲೆಲ್ಲಾ ಬಾಯಿ ಮುಚ್ಚಿ, ಗಾಳ್ಯಾಗ ಕೈ ತಿರುವಿಕೋತ ಕಾದೀನಿ. ಅವನ್ನೂ ನೀನೇ ಹಾಡು ಯವ್ವಾ ಅಂದಳು. ಬರಂಗಿಲ್ಲ ಅಕ್ಕಾ. ಅಷ್ಟು ವರ್ಷ ಕೇಳೀನಿ, ಒಮ್ಮೆಯೂ ಬಾಯಿಗೆ ತಂದಿಲ್ಲ. ಅವು ನಿನ್ನವು ಅಂತ ಬಿಟ್ಟಿದ್ದೆ.

ಖಾಲಿ ಜಾಗಾಕ್ಕ ಗಿಟಾರ್ ತುಂಬೋಣು ಅಂತ ಆಕಿ ಮಂದಿ ಹೇಳಿದರು. ನಾ ಒಪ್ಪಲಿಲ್ಲ. ಸುನಂದಾ ನನ್ನ ಮಾರಿ ನೋಡಿ ಒಂದೇ ಮಾತು ಕೇಳಿದಳು: "ದೊಡ್ಡವ್ವನ ಜೋಡಿ ಮಾತೇ ಇಲ್ಲ, ಹಾಡಿನಾಗ ಯಾಕ ಆಕಿನ್ನ ಕಾಯತೀ?" ಸಂತ್ಯಾಗ ಯಾರಿಗೂ ಸೋಲದಾಕಿ ಎದ್ದು, ಪೆನ್ನು ಹುಡುಕಿ, ಈ ಕಾಗದ ಬರಿಯಾಕ ಕುಂತೆ.

ಮಂಗಳವಾರ ಆಕಿ ಮೈಕು ಹಿಡಕೊಂಡು ದೇವದುರ್ಗಕ್ಕ ನಿನ್ನ ಮನಿಗೆ ಬರತಾಳ. ನಿನ್ನ ಸಾಲು ಹಾಡಿಕೊಡು. ಆಕಿಗೆ ಇಲ್ಲ ಅನಬ್ಯಾಡ, ಸಿಟ್ಟು ಇರೋದು ನನ್ನ ಮ್ಯಾಲೆ. ಮೊಮ್ಮಕ್ಕಳ ಗಲ್ಲ ನನ್ನ ಹೆಸರಲೆ ಒಮ್ಮೆ ಹಿಂಡು. ನಿನ್ನ ಪಾದ ಇಲ್ಲಿಂದಲೇ ಮುಟ್ಟೀನಿ.

ನಿನ್ನ ತಂಗಿ,
ರೇಣುಕಮ್ಮ

ತಾ.ಕ.: ಮಾವ ತೀರಿಕೊಂಡ ದಿನ ಮದುವಿ ಮನಿಗೆ ಎರಡು ಸಾವಿರ ರೊಟ್ಟಿ ಆರ್ಡರ್ ಇತ್ತು, ಅದಕ್ಕ ಬರಲಿಲ್ಲ ಅಂತ ಎಲ್ಲರಿಗೂ ಹೇಳಿದೆ. ನೀನೂ ನಂಬಿದಿ. ಆರ್ಡರ್ ಇದ್ದದ್ದು ಖರೆ, ಮುಂಜಾನೆ ಎಂಟಕ್ಕ ಮುಗಿದಿತ್ತು. ದೇವದುರ್ಗದ ಬಸ್ ಸ್ಟ್ಯಾಂಡ್ ತನಕ ಬಂದಿದ್ದೆ ಅಕ್ಕಾ. ಬಳಿ ಒಡೆದ ನಿನ್ನ ಬರಿಗೈ ನೋಡಾಕ ಧೈರ್ಯ ಸಾಲಲಿಲ್ಲ, ಅದೇ ಬಸ್ಸಿಗೆ ತಿರುಗಿ ಹೋದೆ. ಇದು ಸುನಂದಾಗೂ ಗೊತ್ತಿಲ್ಲ. ಮಂಗಳವಾರ ನಾನೂ ಬರತೀನಿ. ಮೊದಲು ನನಗ ಹೊಟ್ಟಿತುಂಬ ಬೈ. ಮೈಕು ಆಮ್ಯಾಲೆ ಹಚ್ಚಿದರಾತು.